ಫಾಯಾ ಚಿಕ್ಕಮ್ಮನ ಒಪ್ಪಿಗೆ

ಕಂದು, ಹೌದು, ಅದೇ ಕಂದು, ಪಕ್ಕದಲ್ಲಿ ಹಾದುಹೋದ ಲಾರಿ ಟ್ರಾಮಿನ ಕಿಟಕಿಗೆ ಎರಚಿದ ಕೆಸರುನೀರು ಗಾಜಿನ ಮೇಲೆ ಇಳಿಯುತ್ತ ಇಳಿಯುತ್ತ ಕೆಳ ಅಂಚಿಗೆ ಬಂದು ನಿಲ್ಲುತ್ತಿದೆ, ಮೇಲೆ ತಿಳಿ, ಕೆಳಗೆ ದಪ್ಪ, ಫಾಯಾ ಚಿಕ್ಕಮ್ಮನ ಅಡುಗೆಮನೆಯ ಕಿಟಕಿಕಟ್ಟೆಯ ಮೇಲಿರುವ ಜಾಡಿಯ ಹಾಗೆಯೇ, ಉಪ್ಪು ಸೌತೆಕಾಯಿ ಹಾಕಿಡುವ ಮೂರು ಲೀಟರಿನ ಗಾಜಿನ ಜಾಡಿ, ಈಗ ಅದರಲ್ಲಿ ನಲ್ಲಿನೀರು, ಬಾಯಿಗೆ ನೀಲಿ ಅಂಚಿನ ಸಾಸರ್ ಮುಚ್ಚಿದ್ದು, ತಳದಲ್ಲಿ ಬೆರಳು ದಪ್ಪದ ಗಸಿ — ಬೇಡ, ಆ ಕಡೆ ನೋಡುವುದು ಬೇಡ, ಎದುರು ಸೀಟಿನ ಹೆಂಗಸಿನ ಕೆಂಪು ಉಣ್ಣೆ ಟೋಪಿಯನ್ನು ನೋಡಬಹುದು, ಏಪ್ರಿಲ್ ಬಂದರೂ ಉಣ್ಣೆ ಟೋಪಿ, ನಮ್ಮೂರಿನವರು ಬಿಸಿಲನ್ನು ನಂಬುವುದು ಜೂನ್ ತಿಂಗಳಲ್ಲಿ. ತೊಡೆಯ ಮೇಲೆ ಚೀಲ, ಚೀಲದಲ್ಲಿ ಸುರುಳಿ ಸುತ್ತಿದ ನಮ್ಮ ಪತ್ರಿಕೆಯ ಮೂರನೇ ಪುಟದ ಪ್ರೂಫ್, ಅದರ ಒಂದು ತುದಿ ಹೊರಗೆ ಇಣುಕುತ್ತಿದೆ, ಒಳಗೆ ತುರುಕಿದರೆ ಮಡಿಕೆ ಬೀಳುತ್ತದೆ, ಬಿದ್ದರೇನು, ಅಚ್ಚಿಗೆ ಹೋಗುವುದು ಈ ಕಾಗದವಲ್ಲ, ಕಂಪ್ಯೂಟರಿನಲ್ಲಿ ಪುಟ ಸಿದ್ಧವಾಗಿ ಕುಳಿತಿದೆ, ನನ್ನ ಒಂದು ಮಾತು ಸಾಕು, ಫೋನಿನಲ್ಲಿ ಸಂಪಾದಕರಿಗೆ ಒಂದು ಹೂಂ, ಏನು ಇನೆಸ್ಸಾ ಪಾವ್ಲೊವ್ನಾ, ಚಿಕ್ಕಮ್ಮ ಒಪ್ಪಿದ್ರಾ, ಹೂಂ, ಒಪ್ಪಿದರು, ಆಯಿತು, ಯಂತ್ರ ಓಡತೊಡಗುತ್ತದೆ. ಒಂದು ಹೂಂ ಎಷ್ಟು ಹಗುರ, ಕೆಮ್ಮಿದ ಹಾಗೆ, ಗಂಟಲು ಸರಿಮಾಡಿಕೊಂಡ ಹಾಗೆ. ನಾನು ಪದಗಳನ್ನು ತೂಗಿ ತೂಗಿ ಆಡುವವಳು, ಗಂಡ ಬಿಟ್ಟುಹೋಗುವಾಗ ಅದನ್ನೇ ಹೇಳಿದ್ದ, ನಿನ್ನ ಜತೆ ಮಾತಾಡೋದು ಅಂದ್ರೆ ಕಸ್ಟಮ್ಸ್ ಕಚೇರೀಲಿ ನಿಂತ ಹಾಗೆ, ಪ್ರತಿಯೊಂದು ಬಿಚ್ಚಿ ತೋರಿಸಬೇಕು.

ಮೂರನೇ ಪುಟದ ಮೇಲ್ಭಾಗದಲ್ಲಿ ಚಿಕ್ಕಮ್ಮನ ಫೋಟೊ, ಹೂವಿನ ಏಪ್ರನ್, ಒಂದು ಕಣ್ಣು ಸ್ವಲ್ಪ ಮುಚ್ಚಿದೆ, ನಗುವಾಗ ಅವರದು ಹಾಗೆಯೇ, ಫೋಟೊದ ಪಕ್ಕ ದೊಡ್ಡ ಅಕ್ಷರದಲ್ಲಿ, ನಾವು ಇದೇ ನೀರು ಕುಡಿಯುತ್ತಿದ್ದೇವೆ, ಭಯವಿಲ್ಲ. ಅವರು ಹಾಗೆ ಹೇಳಲಿಲ್ಲ. ಅವರು ಹೇಳಿದ್ದನ್ನು ನಾನೇ ಬರೆದುಕೊಂಡೆ, ಅವರದೇ ಅಡುಗೆಮನೆಯಲ್ಲಿ ಕುಳಿತು, ಆ ಜಾಡಿಯ ಎದುರಿಗೇ, ನೋಡು ಇನೋಚ್ಕಾ, ನಲ್ಲಿ ತಿರುಗಿಸಿದ್ರೆ ಚಹಾ ಬರುತ್ತೆ, ಸಕ್ಕರೆ ಒಂದು ಹಾಕಿಲ್ಲ ಅವರು, ಮೊಮ್ಮಗಳು ವಾರ್ಯಾಗೆ ಹೊಟ್ಟೆ ಕೆಟ್ಟು ಆಸ್ಪತ್ರೇಲಿ ಮಲಗಿ ಬಂತು, ನಾನಂತೂ ಮಗೂಗೆ ಒಂದು ಗುಟುಕು ಕುಡಿಸಲ್ಲ, ರೈಲುಕಂಬಿ ದಾಟಿ ಒರತೆಗೆ ಹೋಗಿ ತರ್ತೀನಿ. ಅದನ್ನು ಹಾಗೆಯೇ ಬರೆದೆ, ಸಕ್ಕರೆಯ ಮಾತನ್ನೂ ಬಿಡಲಿಲ್ಲ, ಬರೆದು ಅವರಿಗೆ ಓದಿ ಹೇಳಿದೆ, ಅದು ನಮ್ಮ ಪದ್ಧತಿ, ಮಾತಾಡಿದವರಿಗೆ ಅವರ ಮಾತನ್ನು ಓದಿ ಹೇಳಿ ಒಪ್ಪಿಗೆ ಪಡೆಯದೆ ಹಾಕುವುದಿಲ್ಲ, ಚಿಕ್ಕಮ್ಮ ಒಪ್ಪಿದರು, ಸಕ್ಕರೆ ವಿಷಯ ಬರ್ಲಿ ಬಿಡು, ಅವರಿಗೂ ಸ್ವಲ್ಪ ನಾಚಿಕೆ ಆಗ್ಲಿ ಅಂದರು. ಕೆಳಗೆ ಮಕ್ಕಳ ಡಾಕ್ಟರು ಹೇಳಿದ ಒಂದು ಸಾಲು, ಹೆಸರು ಬೇಡ ಅಂದಿದ್ದರು, ಹೆಸರಿಲ್ಲದೆಯೇ ಹಾಕಿದ್ದೆ, ಕೊಳಾಯಿ ನೀರನ್ನು ಕುದಿಸದೆ ಮಕ್ಕಳಿಗೆ ಕೊಡಬೇಡಿ. ಆಮೇಲೆ ಆ ಪುಟ ನಗರ ನೀರು ಸರಬರಾಜು ಕಚೇರಿಗೆ ಹೋಯಿತು, ಅದೂ ನಮ್ಮ ಪದ್ಧತಿ, ಯಾರ ಬಗ್ಗೆ ಬರೆದಿದ್ದೇವೋ ಅವರಿಗೂ ತೋರಿಸಬೇಕು, ಅವರೂ ಒಪ್ಪಬೇಕು, ಎಲ್ಲರೂ ಒಪ್ಪಿದ್ದೇ ನಿಜ. ವಾಪಸ್ಸು ಬಂದಾಗ ಡಾಕ್ಟರ ಸಾಲು ಇರಲಿಲ್ಲ, ಸಕ್ಕರೆ ಇರಲಿಲ್ಲ, ವಾರ್ಯಾ ಇರಲಿಲ್ಲ. ನದಿಯ ಮಂಜುಗಡ್ಡೆ ಒಡೆಯುವ ಕಾಲಕ್ಕೆ ನೀರು ಸ್ವಲ್ಪ ಬಣ್ಣ ತಿರುಗುವುದು ಸಹಜ, ಕೊಂಚ ಹೊತ್ತು ಇಟ್ಟರೆ ತಿಳಿಯಾಗುತ್ತದೆ ಎನ್ನುತ್ತಾರೆ ಹಳೆಯ ನಿವಾಸಿ ಫೈನಾ ಗ್ರಿಗೊರ್ಯೆವ್ನಾ, ಅಂದರೆ ನಮ್ಮ ಫಾಯಾ ಚಿಕ್ಕಮ್ಮ. ಎನ್ನುತ್ತಾರೆ. ಆ ಕಚೇರಿಯ ಎಲ್ವಿರಾಳ ಸಂದೇಶ ಜತೆಗೇ ಬಂದಿತ್ತು, ನಗುವ ಮುಖ ಅಂಟಿಸಿ, ಇನೆಸ್ಸಾ ಪಾವ್ಲೊವ್ನಾ, ಸ್ವಲ್ಪ ಮೃದು ಮಾಡಿದೀವಿ ಅಷ್ಟೇ, ಅರ್ಥ ಅದೇ ಇದೆ. ಇದೇ ಎಲ್ವಿರಾ ಆ ಕಚೇರಿ ಸೇರುವ ಮೊದಲು ನಮ್ಮ ಪತ್ರಿಕೆಯಲ್ಲಿ ನನ್ನ ಪಕ್ಕದ ಮೇಜಿನಲ್ಲಿ ಕುಳಿತು ಅಲ್ಪವಿರಾಮಕ್ಕಾಗಿ ನನ್ನೊಡನೆ ಜಗಳವಾಡುತ್ತಿದ್ದಳು, ಅಲ್ಪವಿರಾಮ ತೆಗೆದ್ರೆ ಅರ್ಥ ಬದಲಾಗುತ್ತೆ ಅಂತ ಕಣ್ಣಲ್ಲಿ ನೀರು ತಂದುಕೊಳ್ಳುತ್ತಿದ್ದಳು.

ಚೀಟಿ, ಚೀಟಿ ತಗೊಳ್ರಿ, ಹಿಂದಿರೋರು ಗೊಂಬೆಗಳ ಥರ ನಿಂತ್ಕೋಬೇಡಿ, ಟ್ರಾಮಿನ ಕಂಡಕ್ಟರಮ್ಮ ಜನರ ನಡುವೆ ತೂರಿ ಬರುತ್ತಿದ್ದಾಳೆ, ಅವಳ ಹಿಂದೆ ದಪ್ಪ ಮೀಸೆಯ ಒಬ್ಬ, ಎರಡು ಕೈಯಲ್ಲೂ ಖಾಲಿ ಪ್ಲಾಸ್ಟಿಕ್ ಕ್ಯಾನು, ಒರತೆಗೆ ಹೊರಟವನು, ಏನಪ್ಪಾ, ಕ್ಯಾನುಗಳಿಗೂ ಚೀಟಿ ಮಾಡ್ಲಾ, ಜಾಗ ಹಿಡಿದಿವೆಯಲ್ಲ ಅನ್ನುತ್ತಾಳೆ ಅವಳು, ಅವನು, ಬರುವಾಗ ತುಂಬಿರ್ತವೆ, ಆಗ ಮಾಡಮ್ಮ, ಈಗ ಇವು ಎಳೇ ಮಕ್ಕಳು. ಜನ ನಗುತ್ತಾರೆ. ಕೆಂಪು ಟೋಪಿಯ ಹೆಂಗಸು, ನಮ್ಮನೇಲಿ ಸ್ನಾನ ಮಾಡಿದ್ರೆ ಮೈಗೆ ಬಣ್ಣ ಬರುತ್ತೆ, ಕಡಲತೀರಕ್ಕೆ ಹೋಗೋ ಖರ್ಚು ಉಳೀತು. ಪೇಪರಿನವರು ಬರೀಬಹುದಲ್ಲ, ಯಾರೋ ಹಿಂದಿನಿಂದ, ಕ್ಯಾನಿನವನು ತಿರುಗದೆಯೇ, ಬರೀತಾರೆ, ಯಾಕೆ ಬರೆಯಲ್ಲ, ಮೇಲಿನಿಂದ ಒಂದು ಹಾಳೆ ಬರುತ್ತೆ, ಇವರು ಅದರ ಕೆಳಗೆ ಯಾವುದಾದ್ರೂ ಅಜ್ಜಿ ಫೋಟೊ ಹಾಕ್ತಾರೆ. ಚೀಲದ ತುದಿ, ಪ್ರೂಫಿನ ತುದಿ, ಅಂಗೈಯಿಂದ ಮುಚ್ಚಿಕೊಂಡೆ, ಮಡಿಕೆ ಬಿತ್ತು, ಅಜ್ಜಿಯ ಹಣೆಯ ಮೇಲೆ ಬಿದ್ದಿರಬೇಕು. ಅವನಿಗೆ ನಾನು ಯಾರೆಂದು ಗೊತ್ತಿಲ್ಲ, ಗೊತ್ತಿರಲು ಸಾಧ್ಯವಿಲ್ಲ, ಆದರೂ ಕಿವಿ ಬಿಸಿಯಾಗಿದೆ, ತುದಿಬೆರಳಿಗೆ ಹತ್ತಿದ ಪ್ರೂಫಿನ ಶಾಯಿಯನ್ನು ಕೋಟಿಗೆ ಉಜ್ಜಿಕೊಳ್ಳುತ್ತಿದ್ದೇನೆ, ಯಾವಾಗಿನಿಂದ ಉಜ್ಜುತ್ತಿದ್ದೇನೋ.

ಸೇತುವೆ. ನದಿಯಲ್ಲಿ ಮಂಜುಗಡ್ಡೆಗಳು ಒಂದರ ಮೇಲೊಂದು ಹತ್ತಿ ಜಾರುತ್ತಿವೆ, ಕೊಳೆ ಮಂಜು, ಅದರ ಮೇಲೆ ಯಾರೋ ಕುಳಿತು ಮೀನು ಹಿಡಿಯುತ್ತಿದ್ದ ಪೆಟ್ಟಿಗೆ ತೇಲಿಹೋಗುತ್ತಿದೆ — ಗೆನ್ನಾದಿ ಒಲೆಗೊವಿಚ್ ಅದನ್ನು ಕಂಡಿದ್ದರೆ ಫೋಟೊ ತೆಗೆಸಿ ಕೊನೆಯ ಪುಟಕ್ಕೆ ಹಾಕುತ್ತಿದ್ದರು, ಒಳ್ಳೆಯ ಸಂಪಾದಕರು, ಅದು ನಿಜ, ಕೆಟ್ಟವರಾಗಿದ್ದರೆ ಎಷ್ಟು ಸುಲಭವಿರುತ್ತಿತ್ತು. ಬೆಳಗ್ಗೆ ಅವರ ಕೋಣೆಯಲ್ಲಿ ಪುಟವನ್ನು ಮೇಜಿನ ಮೇಲಿಟ್ಟು, ಇದು ಅವರು ಹೇಳಿದ್ದಲ್ಲ ಅಂದೆ, ಅವರು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡು, ಗೊತ್ತು ಅಂದರು, ನಗರಸಭೆ ನಮ್ಮ ಪುಟಗಳಿಗೆ ದುಡ್ಡು ಕೊಡೋ ಒಪ್ಪಂದ ಈ ತಿಂಗಳು ನವೀಕರಣ ಆಗ್ಬೇಕು, ಅದೂ ನಿಮಗೆ ಗೊತ್ತು, ಅದು ಹೋದ್ರೆ ನಾವು ಹದಿನಾಲ್ಕು ಜನ ಒರತೆ ಹತ್ರ ನೀರು ಮಾರ್ಕೊಂಡು ನಿಲ್ಲಬೇಕು. ನಕ್ಕರು. ಆಮೇಲೆ ನಗು ನಿಲ್ಲಿಸಿ, ನೋಡಿ, ಅವರು ನಿಮ್ಮ ಕೆಳಗಿನ ಮನೆಯವರು ತಾನೇ, ಹೋಗಿ ಓದಿ ಹೇಳಿ, ಒಪ್ಪಿದ್ರೆ ಹಾಕೋಣ, ಒಪ್ಪದಿದ್ರೆ ದೇವರಾಣೆ ಹಾಕಲ್ಲ, ನನ್ನ ಪತ್ರಿಕೇಲಿ ಒಪ್ಪಿಗೆ ಇಲ್ಲದ ಮಾತು ಇವತ್ತಿನ ತನಕ ಬಂದಿಲ್ಲ, ನಾವು ಸುಳ್ಳು ಬರೀತಿಲ್ಲ ಇನೆಸ್ಸಾ ಪಾವ್ಲೊವ್ನಾ, ಒಪ್ಪಿಗೆ ತಗೊಂಡೇ ಬರೀತಿದೀವಿ. ಅವರು ಅದನ್ನು ತಮಾಷೆಗೆ ಹೇಳಲಿಲ್ಲ, ಅದೇ ನನ್ನನ್ನು ಹೆದರಿಸಿದ್ದು, ಅವರು ಅದನ್ನು ನಂಬುತ್ತಾರೆ, ಅದನ್ನು ಹಿಡಿದುಕೊಂಡೇ ನಿಂತಿದ್ದಾರೆ, ಟ್ರಾಮಿನ ಮೇಲುಕಂಬಿ ಹಿಡಿದು ನಿಂತ ಹಾಗೆ. ಮೊದಲು ಕಾಸು ಪಡೆದ ಪುಟದ ಮೂಲೆಯಲ್ಲಿ ಜಾಹೀರಾತು ಅನ್ನುವ ಪದ ಇರುತ್ತಿತ್ತು, ಚೌಕಟ್ಟು ಕಟ್ಟಿ, ಕಣ್ಣಿಗೆ ಹೊಡೆಯುವ ಹಾಗೆ, ಆಮೇಲೆ ಚೌಕಟ್ಟು ಹೋಯಿತು, ಅಕ್ಷರ ಸಣ್ಣದಾಯಿತು, ಇರುವೆಯಷ್ಟಾಯಿತು, ಒಂದು ದಿನ ನೋಡಿದರೆ ಇರುವೆಯೂ ಎದ್ದು ಹೋಗಿತ್ತು, ಯಾರು ತೆಗೆದರು ಎಂದು ಯಾರೂ ಕೇಳಲಿಲ್ಲ.

ಅಪ್ಪ ಪತ್ರಿಕೆಯನ್ನು ಹಿಂದಿನಿಂದ ಓದುತ್ತಿದ್ದ, ಮೊದಲು ಹವಾಮಾನ, ಆಮೇಲೆ ಫುಟ್ಬಾಲು, ಅಲ್ಲಿಗೆ ಮಡಿಸಿ ಅದರ ಮೇಲೆ ಒಣಮೀನು ಬಿಡಿಸುತ್ತಿದ್ದ, ಹವಾಮಾನದಲ್ಲಿ ಸುಳ್ಳು ಹೇಳಿದ್ರೆ ಬಾಗಿಲು ತೆಗೆದ ಕೂಡ್ಲೇ ಸಿಕ್ಕಿಹಾಕ್ಕೋತಾರೆ ಮಗಳೇ, ಅದಕ್ಕೇ ಅದೊಂದನ್ನ ನೆಟ್ಟಗೆ ಬರೀತಾರೆ. ನಾನು ಪತ್ರಿಕೋದ್ಯಮಕ್ಕೆ ಸೇರುತ್ತೇನೆ ಅಂದಾಗ ಅವನು ಮೀನಿನ ಬೆನ್ನುಮೂಳೆಯನ್ನು ಎಳೆದು ಇಟ್ಟು, ಹವಾಮಾನ ವಿಭಾಗ ಕೇಳ್ಕೋ ಅಂದಿದ್ದ. ಫಾಯಾ ಚಿಕ್ಕಮ್ಮ ಹಾಗಲ್ಲ. ಚಿಕ್ಕಮ್ಮ ಅನ್ನುವುದು ಬಾಯಿಮಾತಿಗೆ, ನಮಗೂ ಅವರಿಗೂ ರಕ್ತಸಂಬಂಧವಿಲ್ಲ, ನಾನು ಫ್ರಾಕು ತೊಡುವ ಕಾಲದಿಂದ ನಮ್ಮ ಕೆಳಗಿನ ಮನೆಯಲ್ಲಿದ್ದಾರೆ, ನಿವೃತ್ತಿಯಾಗುವವರೆಗೆ ಅಂಚೆಯವರು, ಬೀದಿಯ ಅಷ್ಟೂ ಮನೆಗಳಿಗೆ ಭುಜದ ಮೇಲೆ ಪತ್ರಿಕೆ ಹೊತ್ತು ಹಂಚಿದವರು, ಎಡಭುಜ ಇವತ್ತಿಗೂ ಬಲಕ್ಕಿಂತ ಇಳಿದಿದೆ, ಅಷ್ಟು ಭಾರದ್ದು ಸುಳ್ಳಾಗಿರೋಕೆ ಹೇಗೆ ಸಾಧ್ಯ ಅನ್ನುವ ಹಾಗೆ ಅವರು ಅಚ್ಚಾದದ್ದನ್ನು ನಂಬುತ್ತಾರೆ. ನಮ್ಮ ಮೆಟ್ಟಿಲಿನ ಮನೆಗಳಲ್ಲಿ ಯಾರಿಗಾದರೂ ಅನುಮಾನ ಬಂದರೆ, ಇನಾ ಪೇಪರಲ್ಲಿ ಇದಾಳೆ, ಅವಳನ್ನ ಕೇಳಿ ಅನ್ನುತ್ತಾರೆ, ಹೆಮ್ಮೆಯಿಂದ, ತಾನೇ ಹೆತ್ತ ಹಾಗೆ. ಅವರು ಬೇಡ ಅನ್ನಬೇಕು. ನಾನು ಓದುತ್ತೇನೆ, ಅವರು, ಇದೇನಿದು, ನಾನು ಯಾವಾಗ ಹೀಗೆ ಹೇಳ್ದೆ, ಹರಿದು ಬಿಸಾಕು ಅಂತಾರೆ, ನಾನು ಫೋನ್ ಮಾಡಿ ಒಪ್ಪಲಿಲ್ಲ ಅನ್ನುತ್ತೇನೆ, ನಾನೂ ಸುಳ್ಳು ಹೇಳಿದ ಹಾಗಾಗುವುದಿಲ್ಲ, ಗೆನ್ನಾದಿ ಒಲೆಗೊವಿಚ್ ಸಹ ತಮ್ಮ ಮಾತಿಗೆ ನಿಲ್ಲುತ್ತಾರೆ, ಎಲ್ಲರ ಕೈಯೂ ಶುದ್ಧ. ನಾನು ಅವರ ಬೇಡವನ್ನು ನಂಬಿ ಹೋಗುತ್ತಿದ್ದೇನೆ, ನನ್ನದೊಂದು ಬೇಡ ನನ್ನ ಬಾಯಲ್ಲಿ ಇಲ್ಲದ್ದಕ್ಕೆ. ಇಳಿಯಬೇಕು, ನನ್ನ ನಿಲ್ದಾಣ, ಕ್ಯಾನಿನವನು ಜಾಗ ಬಿಟ್ಟ, ಹುಷಾರು ಅಕ್ಕಾ, ಕೆಳಗೆ ಕೊಚ್ಚೆ.

ಮೆಟ್ಟಿಲಿನಲ್ಲಿ ಹುರಿದ ಈರುಳ್ಳಿ ವಾಸನೆ, ಬೆಕ್ಕಿನ ವಾಸನೆ, ಬಾಗಿಲು ತೆರೆದೇ ಇದೆ, ಬಾ ಇನೋಚ್ಕಾ, ಬೂಟು ಬಿಚ್ಚಿ ಆ ಹಸಿರು ಚಪ್ಪಲಿ ಹಾಕ್ಕೋ, ನೆಲ ಈಗಷ್ಟೇ ಒರೆಸಿದೀನಿ, ಇದೇನು ಹಗಲು ಹೊತ್ತಲ್ಲಿ, ನಿನ್ನ ಮುಖ ಯಾಕೆ ಹುಳಿಬಂದ ಎಲೆಕೋಸಿನ ಥರ ಇದೆ, ತಿಂದಿದೀಯೋ ಇಲ್ವೋ. ಅಡುಗೆಮನೆಯಲ್ಲಿ ವಾರ್ಯಾ ಮೇಜಿನ ಕೆಳಗೆ ಕುಳಿತು ಗೊಂಬೆಗೆ ಇಂಜೆಕ್ಷನ್ ಕೊಡುತ್ತಿದ್ದಾಳೆ, ಅಳ್ಬೇಡ, ಇದು ಸೊಳ್ಳೆ ಕಚ್ಚಿದ ಹಾಗೆ ಅಷ್ಟೇ, ಆಸ್ಪತ್ರೆಯಲ್ಲಿ ಕಲಿತದ್ದು, ಮೊಣಕೈಯ ಒಳಮಗ್ಗುಲಲ್ಲಿ ಸೂಜಿಯ ಹಳದಿ ಗುರುತು ಇನ್ನೂ ಹೋಗಿಲ್ಲ, ಬಾಗಿಲ ಮೂಲೆಯಲ್ಲಿ ಒರತೆಗೆ ಹೋಗುವ ಗಾಲಿಚೀಲ, ಅದರ ಒಂದು ಗಾಲಿಗೆ ಹಗ್ಗ ಸುತ್ತಿದೆ, ಕಿಟಕಿಕಟ್ಟೆಯ ಮೇಲೆ ಜಾಡಿ, ನೀಲಿ ಅಂಚಿನ ಸಾಸರ್, ಮೇಲೆ ತಿಳಿ, ಕೆಳಗೆ ದಪ್ಪ. ಚಿಕ್ಕಮ್ಮ ಸ್ಟೂಲಿನ ಮೇಲೆ ಮೊಣಕಾಲು ಚಾಚಿ ಕುಳಿತರು, ಮೊಣಕಾಲಿಗೆ ನೋವಿಗೆಂದು ಸುತ್ತಿದ ನಾಯಿ ಕೂದಲಿನ ಬೆಚ್ಚನೆಯ ಪಟ್ಟಿ. ಒಂದು ಓದಿ ಹೇಳಬೇಕಿತ್ತು ಚಿಕ್ಕಮ್ಮ ಅಂದೆ. ಓದು, ಕನ್ನಡಕ ಹುಡುಕೋ ಕೆಲಸ ತಪ್ಪಿತು. ಓದಿದೆ. ಇದಕ್ಕಿಂತ ಕೆಟ್ಟದಾಗಿ ಓದಲು ನನಗೆ ಬರುವುದಿಲ್ಲ, ತೊದಲಿ, ಉಸಿರು ಬೇಡದ ಕಡೆ ನಿಲ್ಲಿಸಿ ಓದಿದೆ, ಕೇಳಿದವರಿಗೆ ಅನುಮಾನ ಬರಲಿ ಎಂದು, ಭಯವಿಲ್ಲ ಅನ್ನುವಾಗ ನನ್ನ ಧ್ವನಿಗೆ ನನಗೇ ಭಯವಾಯಿತು. ಅವರು ಕೇಳುತ್ತಿದ್ದರು, ಒಂದು ಕಣ್ಣು ಸ್ವಲ್ಪ ಮುಚ್ಚಿ.

ಇದು ನಾನಾ ಅಂದರು. ನಿಮ್ಮ ಹೆಸರಲ್ಲಿ, ನಿಮ್ಮ ಫೋಟೊ ಜತೆಗೆ ಅಂದೆ. ಅಯ್ಯೋ, ಎಷ್ಟು ಚೆನ್ನಾಗಿ ಮಾತಾಡಿದೀನಿ, ಓದಿದವಳ ಥರ. ಆಮೇಲೆ ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡರು, ಒದ್ದೆ ಇರಲಿಲ್ಲ, ಆದರೂ ಒರೆಸಿಕೊಂಡರು, ಮೊನ್ನೆ ನಾನು ಬೇರೆ ಹೇಳಿದ್ನಲ್ಲ, ಚಹಾ, ಸಕ್ಕರೆ ಅಂತ. ಹೌದು ಚಿಕ್ಕಮ್ಮ, ನೀವು ಬೇರೆ ಹೇಳಿದ್ರಿ. ಈಗ, ಈಗ ಹೇಳುತ್ತಾರೆ, ಹರಿದು ಬಿಸಾಕು ಅನ್ನುತ್ತಾರೆ, ನಾನು ಕಾಯುತ್ತಿದ್ದೇನೆ, ಕಣ್ಣಿನಿಂದಲೇ ಬೇಡುತ್ತಿದ್ದೇನೆ. ಅಂದ್ರೆ ನೀವೆಲ್ಲ ಹೋಗಿ ವಿಚಾರಿಸಿದೀರಿ ಅಂದರು, ಪರೀಕ್ಷೆ ಮಾಡ್ಸಿದೀರಿ, ಸರಿ ಇದೆ ಅಂತ ಗೊತ್ತಾಗಿದೆ, ಅದಕ್ಕೇ ತಿದ್ದಿದೀರಿ, ಇಲ್ದಿದ್ರೆ ಸುಮ್ಮನೆ ಅಚ್ಚು ಹಾಕ್ತಾರಾ, ನಾನು ಮುದುಕಿ, ಮಗು ಮಲಗಿದ್ದಕ್ಕೆ ಹೆದರಿ ಏನೋ ಬಡಬಡಿಸಿದೆ, ನನ್ನ ಮಾತನ್ನ ನೀನು ಹೀಗೆ ನೆಟ್ಟಗೆ ಮಾಡಿ ಬರೆದೆಯಲ್ಲ, ಬಂಗಾರ ನೀನು, ಹಾಕು, ಹಾಕು, ನಾನು ಒಪ್ಪಿದೀನಿ. ಮತ್ತೆ ಸೊಂಟ ಹಿಡಿದು ಎದ್ದು ನಿಂತು, ಅಬ್ಬಾ, ನನ್ನ ಮೊಣಕಾಲು ಬದುಕಿತು, ಆ ಗಾಲಿಚೀಲ ಎಳ್ಕೊಂಡು ಕಂಬಿ ದಾಟೋದು ಇನ್ನು ಬೇಡ, ಮೊನ್ನೆ ಕಂಬಿ ಮಧ್ಯೆ ಗಾಲಿ ಸಿಕ್ಕಿ, ರೈಲು ಕೂಗ್ತಾ ಇದೆ, ನಾನು ಎಳೀತಾ ಇದೀನಿ, ನಿನಗೆ ಹೇಳ್ಲೇ ಇಲ್ಲ ನಾನು, ಬೈತೀಯ ಅಂತ. ಅವರ ಮುಖದಲ್ಲಿ ಅಂಥ ನಿರಾಳ, ವರ್ಷಗಳಿಂದ ಕಂಡಿರಲಿಲ್ಲ, ಅಷ್ಟು ನಿರಾಳ ಕೊಡುವ ಮಾತನ್ನು ನಾನು ಇವತ್ತಿನವರೆಗೆ ಒಂದೂ ಬರೆದಿಲ್ಲ, ಅವರಿಗೆ ಅದು ಬೇಕಾಗಿದೆ, ಮೊಣಕಾಲಿಗೆ ಬೇಕಾಗಿದೆ, ಕಣ್ಣೆದುರಿನ ಜಾಡಿಗಿಂತ ಅದು ಹೆಚ್ಚು ನಿಜವಾಗಿದೆ, ಹೇಳಬೇಕು, ಈಗಲೇ ಹೇಳಬೇಕು, ಚಿಕ್ಕಮ್ಮ ಯಾರೂ ಪರೀಕ್ಷೆ ಮಾಡಿಸಿಲ್ಲ ಅಂತ, ಹದಿನಾಲ್ಕು ಜನ, ಒಪ್ಪಂದ, ಅರ್ಥ ಅದೇ ಇದೆ, ನಗುವ ಮುಖ —

ಅಜ್ಜಿ, ನೀರು, ಮೇಜಿನ ಕೆಳಗಿನಿಂದ ವಾರ್ಯಾ, ಗೊಂಬೆಗೂ ಬೇಕಂತೆ. ಬಂದೆ ಗುಬ್ಬಿ, ಅಂದರು ಚಿಕ್ಕಮ್ಮ, ಒರತೆಯ ಕ್ಯಾನಿನ ಕಡೆ ಬಾಗಿದವರು ಬಾಗಿದಲ್ಲೇ ನಿಂತು, ನಕ್ಕು, ತಿರುಗಿ, ಸಾಸರನ್ನು ಎತ್ತಿ ಪಕ್ಕಕ್ಕಿಟ್ಟು, ಆನೆ ಚಿತ್ರದ ಪುಟ್ಟ ಲೋಟ ಹಿಡಿದು, ಎರಡನೇ ಕೈಯಿಂದ ಜಾಡಿಯನ್ನು ಮೆಲ್ಲಗೆ, ತುಂಬ ಮೆಲ್ಲಗೆ ಓರೆ ಮಾಡುತ್ತಿದ್ದಾರೆ, ಗಸಿ ಕದಡದ ಹಾಗೆ, ಆದರೂ ತಳದಿಂದ ಒಂದು ಕಂದು ಎಳೆ ಹೊಗೆಯ ಹಾಗೆ ಎದ್ದು ತಿಳಿನೀರಿನೊಳಕ್ಕೆ ಬಾಗುತ್ತಿದೆ, ನನ್ನ ಕೈ, ಇದು ನನ್ನ ಕೈ, ಶಾಯಿ ಮೆತ್ತಿದ ಅಂಗೈ ಜಾಡಿಯ ಬಾಯಿಯ ಮೇಲೆ ಕುಳಿತಿದೆ, ಗಾಜು ತಣ್ಣಗಿದೆ, ಬೆರಳ ಸಂದಿಯಿಂದ ನೀರು ಮಣಿಕಟ್ಟಿಗೆ ಇಳಿಯುತ್ತಿದೆ. ಏನೇ ಇದು ಅಂದರು ಚಿಕ್ಕಮ್ಮ. ಕೋಟಿನ ಜೇಬಿನಲ್ಲಿ ಫೋನು ನಡುಗುತ್ತಿದೆ, ಎಡಗೈಯಿಂದ ತೆಗೆದೆ, ಬಲಗೈ ತೆಗೆಯಲಿಲ್ಲ. ಇನೆಸ್ಸಾ ಪಾವ್ಲೊವ್ನಾ, ಪ್ರೆಸ್ಸಿನವರು ಕುದೀತಾ ಇದಾರೆ, ಒಪ್ಪಿದ್ರಾ. ಇಲ್ಲ ಅಂದೆ. ಇಲ್ಲ ಅಂದ್ರೆ. ಒಪ್ಪಲಿಲ್ಲ ಗೆನ್ನಾದಿ ಒಲೆಗೊವಿಚ್, ಹಾಕೋದಾದ್ರೆ ಮೊದಲು ಹೇಳಿದ್ದನ್ನೇ ಹಾಕ್ಬೇಕಂತೆ, ಇಲ್ಲಾಂದ್ರೆ ಹೆಸರೂ ಬೇಡ, ಫೋಟೊನೂ ಬೇಡ ಅಂದ್ರು, ಖಡಾಖಂಡಿತವಾಗಿ ಹೇಳಿದ್ರು. ತೂಗದೆ ಆಡಿದ ಮಾತು, ಎಷ್ಟು ಸಲೀಸಾಗಿ ಬಂತು, ಗಂಟಲು ಕೂಡ ಅಡ್ಡ ಬರಲಿಲ್ಲ. ಆ ಕಡೆ ಅವರು ಕನ್ನಡಕ ತೆಗೆದಿರಬೇಕು, ಕಣ್ಣು ಒರೆಸುತ್ತಿರಬೇಕು. ಸರಿ ಅಂದರು ಕೊನೆಗೆ, ಒಪ್ಪದಿದ್ರೆ ಹಾಕಲ್ಲ ಅಂದಿದ್ದೆ, ಹಾಕಲ್ಲ, ಆ ಜಾಗಕ್ಕೆ ಹವಾಮಾನ ದೊಡ್ಡದು ಮಾಡ್ತೀನಿ, ಸೋಮವಾರ ನನ್ನ ಕೋಣೆಗೆ ಬನ್ನಿ, ಒಬ್ಬರೇ ಬನ್ನಿ. ಹವಾಮಾನ, ಅಪ್ಪ, ಕೇಳಿಸಿತಾ, ಹವಾಮಾನ.

ನಾನು ಒಪ್ಪಿದ್ನಲ್ಲ, ಇನೆಸ್ಸಾ. ಇನೋಚ್ಕಾ ಅನ್ನಲಿಲ್ಲ, ಇನಾ ಸಹ ಅನ್ನಲಿಲ್ಲ, ಪೂರ್ತಿ ಹೆಸರು, ರಿಜಿಸ್ಟರ್ ಟಪಾಲು ಕೊಡುವಾಗ ಕರೆಯುವ ಹಾಗೆ. ಒಪ್ಪಿದ್ರಿ ಚಿಕ್ಕಮ್ಮ. ನೀನು ಅವರಿಗೆ ಒಪ್ಪಲಿಲ್ಲ ಅಂದೆ, ಅಂದರು ಚಿಕ್ಕಮ್ಮ. ಅಂದೆ. ಸುಳ್ಳು ಹೇಳ್ದೆ ನೀನು. ಹೌದು. ಮತ್ತೆ ನನಗೆ ಓದಿ ಹೇಳಿದ್ದೋ. ಅದೂ ಸುಳ್ಳೇ, ಯಾರೂ ಪರೀಕ್ಷೆ ಮಾಡಿಸಿಲ್ಲ, ಆ ಕಚೇರಿಯವರು ಬರೆದದ್ದು ಅದು, ಕುದಿಸದೆ ಕೊಡಬೇಡಿ ಅಂತ ಡಾಕ್ಟರು ಹೇಳಿದ್ದ ಸಾಲನ್ನೂ ಅವರೇ ತೆಗೆದ್ರು, ನೀವು ಹೇಳಿದ್ದೇ ನಿಜ, ಚಹಾ, ಸಕ್ಕರೆ, ಅದೇ ನಿಜ. ಅವರು ನನ್ನನ್ನು ನೋಡುತ್ತಿದ್ದಾರೆ, ಬೀದಿಯಲ್ಲೇ ಇಲ್ಲದ ಮನೆಯ ವಿಳಾಸ ಬರೆದ ಲಕೋಟೆಯನ್ನು ನೋಡುವ ಹಾಗೆ, ಮುಂದೆ, ಹಿಂದೆ, ಮತ್ತೆ ಮುಂದೆ. ಹಾಗಾದ್ರೆ ಇಷ್ಟು ವರ್ಷ ನಾನು ಭುಜದ ಮೇಲೆ ಹೊತ್ತಿದ್ದು ಅಂದರು, ಅಷ್ಟಕ್ಕೇ ನಿಲ್ಲಿಸಿದರು. ಬಾಗಿ ಕ್ಯಾನಿನ ತಳದಲ್ಲಿ ಉಳಿದಿದ್ದ ಒರತೆಯ ನೀರನ್ನು ಆನೆಯ ಲೋಟಕ್ಕೆ ಬಗ್ಗಿಸಿ ಮೇಜಿನ ಕೆಳಗೆ ಕೊಟ್ಟರು, ಮೊಣಕಾಲು ಕಟಕ್ ಅಂದಿತು, ಗೊಂಬೆಗೆ ಬೇಡ, ನೀನೊಬ್ಬಳೇ ಕುಡಿ. ಆಮೇಲೆ ನನ್ನ ಮಣಿಕಟ್ಟನ್ನು ಎರಡು ಬೆರಳಿನಲ್ಲಿ ಹಿಡಿದು, ಒಲೆಯ ಮೇಲಿಂದ ಬಿಸಿ ಮುಚ್ಚಳ ಎತ್ತುವ ಹಾಗೆ ಎತ್ತಿ ಪಕ್ಕಕ್ಕಿಟ್ಟರು, ಸಾಸರ್ ಮುಚ್ಚಿದರು, ಬೂಟು ಅಲ್ಲೇ ಬಾಗಿಲ ಹತ್ರ ಇದೆ ಅಂದರು, ಗಾಲಿಚೀಲದ ಹಗ್ಗ ಬಿಗಿಮಾಡಲು ಕುಳಿತರು, ನಾನು ಎದ್ದೇಳಬೇಕು, ಆ ಚೀಲ ನಾನೇ ಎಳೆದು ತರುತ್ತೇನೆ ಅನ್ನಬೇಕು, ಅಂದರೆ ಅವರು ನಂಬುತ್ತಾರೆಯೇ, ಅಂಗೈಯ ಶಾಯಿ ಗಾಜಿಗೆ ಹತ್ತಿದೆ, ಎದ್ದ ಗಸಿ ಇಳಿಯುತ್ತಿದೆ, ಎಳೆ ಎಳೆಯಾಗಿ, ಅವಸರವಿಲ್ಲದೆ, ಮೇಲೆ ತಿಳಿ, ಕೆಳಗೆ ದಪ್ಪ, ನೀಲಿ ಅಂಚು, ಜಾಡಿ, ಜಾಡಿ